ಧಾರವಾಡದ ರಂಗಭೂಮಿಯಲ್ಲಿ ಅಸಂಗತ ವಿಡಂಬನೆ

ಕಥೆಯ ಕ್ರಮವನ್ನೂ ಮಾತಿನ ತರ್ಕವನ್ನೂ ಬೇಕೆಂದೇ ಮುರಿದು, ನಗಿಸುತ್ತಲೇ ಬದುಕಿನ ಅರ್ಥವನ್ನು ಕೆದಕುವ ನಾಟಕಕ್ಕೆ ಕನ್ನಡದಲ್ಲಿ ಅಸಂಗತ ನಾಟಕವೆಂದು ಹೆಸರು. 1953ರಲ್ಲಿ ಪ್ಯಾರಿಸ್‌ನಲ್ಲಿ ಬೆಕೆಟ್‌ನ ‘ವೇಟಿಂಗ್ ಫಾರ್ ಗೋಡೋ’ ರಂಗಕ್ಕೆ ಬಂದ ಮೇಲೆ ಈ ಬಗೆ ಜಗತ್ತಿನ ಗಮನ ಸೆಳೆಯಿತು. ಯುರೋಪಿನಲ್ಲಿ ಇದರ ಹಿಂದೆ ಮಹಾಯುದ್ಧ ಉಳಿಸಿದ ಹತಾಶೆಯಿತ್ತು. ಧಾರವಾಡದ ಲೇಖಕರನ್ನು ಹೆಚ್ಚು ಕಾಡಿದ್ದು ಸ್ವಾತಂತ್ರ್ಯಾನಂತರದ ಭ್ರಮನಿರಸನ. ಆದ್ದರಿಂದ ಇಲ್ಲಿನ ವಿಡಂಬನೆ ಅಧಿಕಾರದ ಕಡೆಗೆ ತಿರುಗಿತು.

ನೆಲ ಹದ ಮಾಡಿದವರು ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದ ಶ್ರೀರಂಗರು (ಆದ್ಯ ರಂಗಾಚಾರ್ಯ, 1904–1984). ಕಂಪನಿ ನಾಟಕಗಳ ಹಾಡು, ವೈಭವಗಳಿಗೆ ಒಗ್ಗಿದ್ದ ಪ್ರೇಕ್ಷಕರ ಮುಂದೆ ಅವರು ವಿಚಾರವನ್ನೇ ನಾಟಕವಾಗಿಸಿದರು. ‘ಶೋಕಚಕ್ರ’ ಸ್ವಾತಂತ್ರ್ಯ ಹೋರಾಟಗಾರನನ್ನು ಅಧಿಕಾರ ರಾಜಕಾರಣದ ನಡುವೆ ನಿಲ್ಲಿಸಿತು. ‘ಕೇಳು ಜನಮೇಜಯ’ ಪುರಾಣದ ಹೆಸರಿನಲ್ಲಿ ಸಮಕಾಲೀನ ನಾಯಕತ್ವವನ್ನು ಪರೀಕ್ಷಿಸಿತು.

ಜಿ. ಬಿ. ಜೋಶಿ 1933ರಲ್ಲಿ ಆರಂಭಿಸಿದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ಅಟ್ಟ ಹೊಸ ನಾಟಕಕಾರರ ಕೂಡುದಾಣವಾಯಿತು. ಅಲ್ಲಿಂದ 1964ರಲ್ಲಿ ಗಿರೀಶ ಕಾರ್ನಾಡರ ‘ತುಘಲಕ್’ ಹೊರಬಂತು. ಇದು ಐತಿಹಾಸಿಕ ನಾಟಕ. ಆದರೂ ಆಡಳಿತ ಮತ್ತು ಗುರುತಿನ ವಿಡಂಬನೆ ಇದರಲ್ಲಿ ಬಹಳ ಹರಿತವಾಗಿದೆ. ಅಗಸ ಅಜೀಜ್ ವಿಷ್ಣುಪ್ರಸಾದನೆಂಬ ಬ್ರಾಹ್ಮಣನ ಹೆಸರು ಹೊತ್ತು ಸುಲ್ತಾನನ ಮೇಲೆಯೇ ದಾವೆ ಹೂಡುತ್ತಾನೆ. ಜಮೀನಿನ ಪರಿಹಾರ ಪಡೆಯುತ್ತಾನೆ, ಸರ್ಕಾರಿ ನೌಕರಿಯನ್ನೂ ಗಿಟ್ಟಿಸುತ್ತಾನೆ. ರಾಜಧಾನಿ ಸ್ಥಳಾಂತರದ ವೇಳೆ ದೌಲತಾಬಾದಿನ ದಾರಿಯಲ್ಲಿ, ಕಾಯಿಲೆಯ ಮಗುವನ್ನು ಎತ್ತಿಕೊಂಡು ಬಂದ ತಾಯಿಯ ಬಳಿಯೂ ಲಂಚ ಕೇಳುತ್ತಾನೆ. ಕೊನೆಗೆ ಖಲೀಫರ ವಂಶಜನನ್ನು ಕೊಂದು ಅವನ ವೇಷದಲ್ಲೇ ದರ್ಬಾರಿಗೆ ಬರುತ್ತಾನೆ. ಸಿಕ್ಕಿಬಿದ್ದ ಮೇಲೂ ಅವನಿಗೆ ದೊರೆಯುವುದು ದಖನ್ನಿನಲ್ಲಿ ಹುದ್ದೆ. ಕಾಗದದಲ್ಲಿರುವ ಹೆಸರನ್ನಷ್ಟೇ ನಂಬುವ ಆಡಳಿತದಲ್ಲಿ ನಿಜವಾದ ಮನುಷ್ಯ ಲೆಕ್ಕಕ್ಕಿಲ್ಲ ಎಂಬುದನ್ನು ಅಜೀಜನ ಏಳಿಗೆ ತೋರಿಸುತ್ತದೆ. ಜಾನಪದ ರಂಗರೂಪವನ್ನು ಬಳಸಿದ ಕಾರ್ನಾಡರ 1971ರ ‘ಹಯವದನ’ದಲ್ಲಿ ಗುರುತಿನ ಪ್ರಶ್ನೆ ದೇಹಕ್ಕೇ ಇಳಿಯಿತು: ಇಬ್ಬರು ಗೆಳೆಯರ ತಲೆಗಳು ಅದಲುಬದಲಾದ ಮೇಲೆ ನಾಯಕಿಯ ಗಂಡನಾರು ಎಂಬುದೇ ತೊಡಕು.

ಅಸಂಗತ ನಾಟಕವನ್ನು ನೇರವಾಗಿ ಕೈಗೆತ್ತಿಕೊಂಡವರು ಚಂದ್ರಶೇಖರ ಪಾಟೀಲರು (ಚಂಪಾ, 1939–2022). ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಅವರು ಸಿದ್ದಲಿಂಗ ಪಟ್ಟಣಶೆಟ್ಟಿ ಮತ್ತು ಗಿರಡ್ಡಿ ಗೋವಿಂದರಾಜರೊಂದಿಗೆ 1964ರಲ್ಲಿ ‘ಸಂಕ್ರಮಣ’ ಪತ್ರಿಕೆ ಆರಂಭಿಸಿದರು. ‘ಕೊಡೆಗಳು’, ‘ಅಪ್ಪ’, ‘ಗುರ್ತಿನವರು’, ‘ಟಿಂಗರ ಬುಡ್ಡಣ್ಣ’ ಅವರ ಹೆಸರಾಂತ ನಾಟಕಗಳು. ಪಶ್ಚಿಮದಿಂದ ಬಂದ ರೂಪಕ್ಕೆ ಉತ್ತರ ಕರ್ನಾಟಕದ ಆಡುಮಾತಿನ ಕಸುವು ಸೇರಿದ್ದು ಇವುಗಳ ಹೆಚ್ಚುಗಾರಿಕೆ. ತುರ್ತುಪರಿಸ್ಥಿತಿಯಲ್ಲಿ ಸೆರೆವಾಸ ಕಂಡ ಪಾಟೀಲರು ‘ಜಗದಂಬೆಯ ಬೀದಿನಾಟಕ’ವನ್ನೂ ಬರೆದರು. ಹೀಗೆ ಶ್ರೀರಂಗರ ವಿಚಾರ ನಾಟಕದಿಂದ ಹೊರಟ ಅಧಿಕಾರದ ವಿಡಂಬನೆ ಧಾರವಾಡದಲ್ಲಿ ಇತಿಹಾಸ, ಜಾನಪದ, ಅಸಂಗತ ಎಂಬ ಮೂರೂ ರೂಪಗಳಲ್ಲಿ ಬೆಳೆಯಿತು.