ಹೊಗೆಯಿಲ್ಲದ ಮದ್ದು, ಉಕ್ಕಿನ ಅಗುಳಿ

ಹೊಗೆನಕಲ್ಲಿನಲ್ಲಿ ನಿಂತು ಕಾವೇರಿಯನ್ನು ಕಂಡವರಿಗೆ ಆ ಊರಿನ ಹೆಸರನ್ನು ವಿವರಿಸಬೇಕಾಗಿಲ್ಲ. ಬಂಡೆಗಳ ಮೇಲಿಂದ ಧುಮುಕುವ ನೀರು ತುಂತುರಾಗಿ ಮೇಲೆದ್ದು ಹೊಗೆಯಂತೆ ತೋರುತ್ತದೆ. ಹಿಂದೊಮ್ಮೆ ನಮ್ಮ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದಾಗ ಐದನೆಯ ತರಗತಿಯ ಹುಡುಗನೊಬ್ಬನು, "ಸಾರ್, ಇಲ್ಲಿ ಬೆಂಕಿ ಇಲ್ದೆ ಹೊಗೆ ಐತೆ. ಹೊಗೆ ಇಲ್ದೆ ಬೆಂಕಿ ಎಲ್ಲಾದ್ರೂ ಐತಾ?" ಎಂದು ಕೇಳಿದನು. ಆಗ ನಾವು ನಕ್ಕು ಸುಮ್ಮನಾದೆವು. ಆ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರವುಂಟು. ಅದನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇವೆ.

ಮೊದಲು ನಮ್ಮ ನೆಲದ ಮಾತು. ಇಂದಿನ ಧರ್ಮಪುರಿ, ಸೇಲಂ ಸೀಮೆಯ ಬಹುಭಾಗವು ಬಾರಾಮಹಲೆಂಬ ಹೆಸರಿನಿಂದ ಮೈಸೂರಿಗೆ ಸೇರಿತ್ತು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಕಂಪನಿಯ ಪಾಲಾಯಿತು. ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಬಾಣಗಳು, ಅಂದರೆ ರಾಕೆಟ್ಟುಗಳು, 1780ರ ಪೊಲ್ಲಿಲೂರಿನ ಕಾಳಗದಲ್ಲಿ ಕಂಪನಿಯ ಸೈನ್ಯವನ್ನು ಕಂಗೆಡಿಸಿದುದನ್ನು ಮಕ್ಕಳೆಲ್ಲರೂ ಓದಿದ್ದಾರೆ. ಆ ಬಾಣಗಳ ಹಿರಿಮೆ ಎಲ್ಲಿತ್ತು? ಮದ್ದು ಎಲ್ಲರ ಬಳಿಯೂ ಇದ್ದ ಕರಿಮದ್ದೇ. ಆದರೆ ಅದನ್ನು ತುಂಬಿದ್ದು ಕಾಗದದ ಕೊಳವೆಯಲ್ಲಲ್ಲ, ಕಬ್ಬಿಣದ ಕೊಳವೆಯಲ್ಲಿ. ಕಬ್ಬಿಣವು ಹೆಚ್ಚಿನ ಒತ್ತಡವನ್ನು ತಡೆದುದರಿಂದ ಬಾಣವು ಹೆಚ್ಚು ದೂರ ಹಾರಿತು. ಮದ್ದಿನ ಬಲವು ಅದನ್ನು ಹಿಡಿದಿಡುವ ಲೋಹದ ಬಲವನ್ನು ಮೀರಲಾರದೆಂಬ ಈ ತತ್ತ್ವವೇ ಮುಂದಿನ ಕಥೆಗೂ ಬೀಜ.

ಇದ್ದಿಲು, ಗಂಧಕ, ಪೆಟ್ಲುಪ್ಪು ಸೇರಿದ ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಗಾಳಿಯಾಗದೆ ಹೊಗೆಯಾಗಿಯೂ ಮಸಿಯಾಗಿಯೂ ಉಳಿಯುತ್ತದೆ. ಫ್ರಾನ್ಸಿನ ಪಾಲ್ ವಿಯೇಯ್ ಎಂಬ ರಸಾಯನ ವಿಜ್ಞಾನಿ 1884ರಲ್ಲಿ ಹೊಗೆಯಿಲ್ಲವೆನ್ನಬಹುದಾದ ಮದ್ದನ್ನು ಸಿದ್ಧಪಡಿಸಿದನು. 1886ರಲ್ಲಿ ಫ್ರೆಂಚ್ ಸೈನ್ಯಕ್ಕೆ ಅದನ್ನು ಬಳಸುವ ಲೆಬೆಲ್ ರೈಫಲ್ ಬಂದಿತು. ಇಂಗ್ಲೆಂಡಿನಲ್ಲಿ ಏಬೆಲ್ ಮತ್ತು ಡ್ಯೂವರ್ ಎಂಬವರು 1889ರಲ್ಲಿ ಕಾರ್ಡೈಟನ್ನು ರೂಪಿಸಿದರು. ಹೊಸ ಮದ್ದಿನಿಂದ ಗುಂಡು ವೇಗವಾಗಿ ಹೋಯಿತು, ಹೊಡೆದವನ ಸ್ಥಳವೂ ಶತ್ರುವಿಗೆ ತಿಳಿಯದಾಯಿತು. ಆದರೆ ನಳಿಗೆಯೊಳಗಿನ ಒತ್ತಡವೂ ಏರಿತು. ಬ್ರಿಟಿಷರ .303 ತೋಟಾದಲ್ಲಿ ಅದು ಚದರ ಅಂಗುಲಕ್ಕೆ ಸುಮಾರು 18-19 ಟನ್ನು! ಆ ಒತ್ತಡಕ್ಕೂ ಸಿಪಾಯಿಯ ಕಣ್ಣಿಗೂ ನಡುವೆ ಇರುವುದು ಗೇಣುದ್ದದ ಒಂದು ಉಕ್ಕಿನ ಅಗುಳಿ.

ಆ ಅಗುಳಿಯ ರಚನೆಯನ್ನು ನಮ್ಮ ಮನೆಬಾಗಿಲಿನಿಂದಲೇ ತಿಳಿಯಬಹುದು. ಬಾಗಿಲನ್ನು ಯಾರಾದರೂ ನೂಕಿದರೆ ಅಗುಳಿ ತಡೆಯುವುದು ಅದರ ತುದಿಗಳು ಗೋಡೆಯ ತೂತಿನಲ್ಲಿ ಕೂತಿರುವುದರಿಂದ. ರೈಫಲಿನ ಅಗುಳಿಗೂ ಹಾಗೆಯೇ ಹಲ್ಲುಗಳಿವೆ. ಹಿಡಿಯನ್ನು ತಿರುಗಿಸಿದಾಗ ಅವು ಉಕ್ಕಿನ ಗಾಡಿಯೊಳಗೆ ಸಿಕ್ಕಿಕೊಳ್ಳುತ್ತವೆ. ಆ ಹಲ್ಲುಗಳು ಎಷ್ಟು, ಎಲ್ಲಿವೆ, ಯಾವ ಉಕ್ಕಿನವು ಎಂಬ ಮೂರು ಪ್ರಶ್ನೆಗಳಲ್ಲಿ ಬಂದೂಕಿನ ಬಲವೆಲ್ಲ ಅಡಗಿದೆ.

ಜರ್ಮನಿಯ ಮೌಸರನು 1898ರಲ್ಲಿ ಕೊಟ್ಟ ಉತ್ತರವನ್ನು ಇಂದಿಗೂ ತಜ್ಞರು ಮಾದರಿಯೆಂದು ಎಣಿಸುತ್ತಾರೆ. ತೋಟಾಕ್ಕೆ ಒತ್ತಿಕೊಂಡಂತೆ ಅಗುಳಿಯ ಮುಂತುದಿಯಲ್ಲಿ ಎರಡು ದೊಡ್ಡ ಹಲ್ಲುಗಳು. ಅವು ಮುರಿದರೆ ತಡೆಯಲು ಹಿಂದೆ ಮೂರನೆಯದು. ತೋಟಾ ಒಡೆದರೆ ಬಿಸಿಗಾಳಿ ಮುಖಕ್ಕೆ ಬಡಿಯದೆ ಪಕ್ಕಕ್ಕೆ ಹೋಗಲು ತೂತುಗಳು. ಜಪಾನಿನ 1905ರ ಅರಿಸಾಕ ರೈಫಲ್ ಇದೇ ಮಾರ್ಗದ್ದು. ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕದಲ್ಲಿ ಅದನ್ನು ಒಡೆಯುವವರೆಗೆ ಪರೀಕ್ಷಿಸಿದವರು ಅದರ ಬಲಕ್ಕೆ ಬೆರಗಾದರು.

ಬ್ರಿಟಿಷರ ಲೀ-ಎನ್‌ಫೀಲ್ಡಿನ ದಾರಿ ಬೇರೆ. ಜೇಮ್ಸ್ ಪ್ಯಾರಿಸ್ ಲೀ ಎಂಬವನು ಹಲ್ಲುಗಳನ್ನು ಅಗುಳಿಯ ಹಿಂಭಾಗದಲ್ಲಿಟ್ಟನು. ಗುಂಡು ಹಾರಿದಾಗ ಅಗುಳಿಯು ಉದ್ದಕ್ಕೂ ಕೊಂಚ ಅದುಮಿಕೊಳ್ಳುತ್ತದೆ, ಗಾಡಿಯು ಕೊಂಚ ಹಿಗ್ಗುತ್ತದೆ. ಆದಕಾರಣ ಮೌಸರಿನಷ್ಟು ಒತ್ತಡವನ್ನು ಇದು ತಾಳದು. ಆದರೆ ಹಿಡಿಯನ್ನು ಸ್ವಲ್ಪವೇ ತಿರುಗಿಸಿದರೆ ಸಾಕು, ಅಗುಳಿ ಸರಕ್ಕನೆ ಓಡುತ್ತದೆ. ಪೆಟ್ಟಿಗೆಯಲ್ಲಿ ಹತ್ತು ತೋಟಾಗಳಿರುತ್ತವೆ. ತನಗೆಂದು ಮಾಡಿದ ತೋಟಾಕ್ಕೆ ಅದರ ಬಲ ಸಾಕಾಗಿತ್ತು. 1888ರ ಲೀ-ಮೆಟ್‌ಫರ್ಡಿನಲ್ಲಿ ತೊಂದರೆ ಕೊಟ್ಟುದು ಅಗುಳಿಯಲ್ಲ, ನಳಿಗೆ. ಕರಿಮದ್ದಿಗೆಂದು ಕೊರೆದ ಅದರ ಆಳವಿಲ್ಲದ ಸುರುಳಿಗೆರೆಗಳನ್ನು ಕಾರ್ಡೈಟಿನ ಬಿಸಿಯು ಬೇಗನೆ ಸವೆಸಿತು. 1895ರಲ್ಲಿ ಆಳವಾದ ಗೆರೆಗಳ ಎನ್‌ಫೀಲ್ಡ್ ನಳಿಗೆ ಬಂದಿತು.

ಅಮೆರಿಕದ ಅನುಭವವು ಎಲ್ಲಕ್ಕಿಂತ ಬೋಧಪ್ರದವಾದುದು. ಅವರು 1892ರಲ್ಲಿ ಸ್ವೀಕರಿಸಿದ ಕ್ರಾಗ್ ರೈಫಲಿನ ಮುಂತುದಿಗೆ ಒಂದೇ ಹಲ್ಲು. 1898ರಲ್ಲಿ ಕ್ಯೂಬಾದಲ್ಲಿ ಸ್ಪೇನಿನವರ ಮೌಸರುಗಳನ್ನು ಎದುರಿಸಿದ ಮೇಲೆ ಕ್ರಾಗಿನ ತೋಟಾಕ್ಕೂ ವೇಗ ಹೆಚ್ಚಿಸಲು ನೋಡಿದರು. ಹಲ್ಲುಗಳು ಬಿರುಕು ಬಿಡಲು ಆ ತೋಟಾಗಳನ್ನು ಹಿಂದೆಗೆದುಕೊಳ್ಳಬೇಕಾಯಿತು. ಆಗ ಮೌಸರಿನ ಮಾದರಿಯನ್ನೇ ಅನುಸರಿಸಿ 1903ರಲ್ಲಿ ಸ್ಪ್ರಿಂಗ್‌ಫೀಲ್ಡ್ ರೈಫಲನ್ನು ಮಾಡಿದರು. ರಚನೆಯಲ್ಲಿ ಕೊರತೆಯಿರಲಿಲ್ಲ. ಹೀಗಿದ್ದರೂ 1917ರಲ್ಲಿ ಅದರ ಗಾಡಿಗಳು ಗಾಜಿನಂತೆ ಒಡೆದವು. ವಿಚಾರಿಸಿದಾಗ ತಿಳಿದುದೇನು? ಕುಲುಮೆಯ ಕೆಲಸಗಾರರು ಕಾದ ಉಕ್ಕಿನ ಬಣ್ಣವನ್ನು ಕಣ್ಣಿನಿಂದ ನೋಡಿಯೇ ಹದ ನಿರ್ಧರಿಸುತ್ತಿದ್ದರು. ಬಿಸಿಲಿನ ದಿನ ಕೆಂಪು ಮಂಕಾಗಿ ಕಾಣುತ್ತದೆ; ಹದವಾಯಿತೆಂದು ತೆಗೆದ ಉಕ್ಕು ಆ ವೇಳೆಗೆ ಮಿತಿಮೀರಿ ಕಾದು ಪೆಡಸಾಗಿರುತ್ತಿತ್ತು. ಬಳಿಕ ಉಷ್ಣತೆಯನ್ನು ಉಪಕರಣದಿಂದ ಅಳೆದು, ಉಕ್ಕನ್ನು ಎರಡು ಬಾರಿ ಹದಗೊಳಿಸುವ ಕ್ರಮ ಬಂದಿತು. ಬಲವು ನಕ್ಷೆಯಲ್ಲಿ ಮಾತ್ರವಲ್ಲ, ಕುಲುಮೆಯಲ್ಲಿಯೂ ಇದೆಯೆಂಬುದನ್ನು ಅವರು ಹೀಗೆ ಕಲಿತರು.

ಇನ್ನು ನಮ್ಮವರ ಪಾಡೇನು? 1857ರ ಬಳಿಕ ಬ್ರಿಟಿಷ್ ಸರಕಾರವು ಭಾರತೀಯ ಸಿಪಾಯಿಗಳಿಗೆ ಗೋರಾ ಸಿಪಾಯಿಗಳಿಗಿಂತ ಒಂದು ತಲೆಮಾರು ಹಳೆಯ ಬಂದೂಕುಗಳನ್ನೇ ಕೊಡುತ್ತಿತ್ತು. 1897ರಲ್ಲಿ ವಾಯವ್ಯ ಗಡಿಯ ತೀರಾ ಕಾಳಗದಲ್ಲಿ ಗೋರಾ ದಳಗಳ ಕೈಯಲ್ಲಿ ಲೀ-ಮೆಟ್‌ಫರ್ಡ್ ಇದ್ದರೆ ನಮ್ಮ ದಳಗಳ ಕೈಯಲ್ಲಿ ಕರಿಮದ್ದಿನ ಮಾರ್ಟಿನಿ-ಹೆನ್ರಿ. ಒಂದೇ ಬೆಟ್ಟದಲ್ಲಿ, ಒಂದೇ ಧ್ವಜದಡಿಯಲ್ಲಿ ಹೋರಾಡಿದವರಲ್ಲಿ ಒಬ್ಬನನ್ನು ಅವನ ಬಂದೂಕಿನ ಹೊಗೆಯೇ ಶತ್ರುವಿಗೆ ತೋರಿಸಿಕೊಡುತ್ತಿತ್ತು. ಅಪನಂಬಿಕೆಯ ಬೆಲೆಯನ್ನು ತೆತ್ತವನು ಸಿಪಾಯಿ.

ಆದರೆ ಹೊಗೆಯಿಲ್ಲದ ಮದ್ದು ತಯಾರಾಗತೊಡಗಿದುದು ನಮ್ಮ ನೆರೆಯಲ್ಲಿಯೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನೀಲಗಿರಿಯ ಅರುವಂಕಾಡಿನಲ್ಲಿ ಕಾರ್ಡೈಟ್ ಕಾರ್ಖಾನೆ ಸ್ಥಾಪಿತವಾಯಿತು. ಕಟೇರಿ ಜಲಪಾತದಿಂದ ವಿದ್ಯುತ್ತನ್ನು ಪಡೆಯಿತು. ಅದರ ಸುತ್ತಲಿನ ಹಟ್ಟಿಗಳಲ್ಲಿ ನಮ್ಮ ನುಡಿಗೆ ತೀರ ಹತ್ತಿರದ ನುಡಿಯನ್ನಾಡುವ ಬಡಗರಿದ್ದಾರೆ. ತಂಪಾದ ಆ ಎತ್ತರವು ಇಂಥ ಮದ್ದಿಗೆ ಅನುಕೂಲ, ಏಕೆಂದರೆ ಬಿಸಿಲಿಗೆ ಕಾದ ಕಾರ್ಡೈಟ್ ಉರಿದಾಗ ಒತ್ತಡ ಇನ್ನೂ ಏರುತ್ತದೆ. ಮಳೆಯೂ ಹಗೆಯೇ. ಒಣಗಿದ ತೋಟಾದ ಹಿತ್ತಾಳೆ ಕವಚವು ನಳಿಗೆಯ ಗೋಡೆಯನ್ನು ಕಚ್ಚಿ ಹಿಡಿದು ಅಗುಳಿಯ ಭಾರವನ್ನು ತಗ್ಗಿಸುತ್ತದೆ. ನೀರೋ ಎಣ್ಣೆಯೋ ತಗಲಿದರೆ ಅದು ಜಾರಿ ಅಗುಳಿಗೆ ಪೂರ್ತಿ ಬಡಿಯುತ್ತದೆ. ಆದುದರಿಂದಲೇ ಬ್ರಿಟಿಷರು ರೈಫಲುಗಳನ್ನು ಪರೀಕ್ಷಿಸುವಾಗ ಎಣ್ಣೆ ಸವರಿದ ತೋಟಾವನ್ನೂ ಹಾರಿಸಿ ನೋಡುತ್ತಿದ್ದರು.

1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಬಳಿ ಈ ಎರಡು ಮಾರ್ಗಗಳೂ ಎದುರುಬದುರಾದುವು. ತುರ್ಕಿ ಸೈನ್ಯದ ಆಯುಧ ಮೌಸರ್. ಬ್ರಿಟಿಷ್ ಪಕ್ಷದ್ದು ಲೀ-ಎನ್‌ಫೀಲ್ಡ್. ಆದರೆ ನಗರವನ್ನು ಗೆದ್ದವರು ಜೋಧಪುರ ಮತ್ತು ಮೈಸೂರಿನ ಲ್ಯಾನ್ಸರ್ ಸವಾರರು, ಮುಖ್ಯವಾಗಿ ಕುದುರೆ ಮತ್ತು ಭರ್ಜಿಗಳ ಬಲದಿಂದ! ಅಗುಳಿಯ ಬಲಕ್ಕಿಂತ ಹೊರತಾದ ಬಲವೊಂದು ಮನುಷ್ಯನಲ್ಲಿದೆಯೆಂಬುದಕ್ಕೆ ಕನ್ನಡನಾಡಿನ ಆ ಸವಾರರೇ ಸಾಕ್ಷಿ. ದಿಲ್ಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಸಿಪಾಯಿಗಳಲ್ಲಿ ಒಬ್ಬನು ಮೈಸೂರಿನವನು.

ಕಡೆಯ ಮಾತು ಬಂಗಾಳದ ಇಷಾಪುರದ್ದು. 1962ರ ಚೀನಾ ಯುದ್ಧದ ಬಳಿಕ ಅಲ್ಲಿಯ ರೈಫಲ್ ಕಾರ್ಖಾನೆಯವರು ಹಳೆಯ ಲೀ-ಎನ್‌ಫೀಲ್ಡಿನ ಆಕಾರವನ್ನೇ ಉಳಿಸಿಕೊಂಡು, ಹೆಚ್ಚು ಒತ್ತಡದ 7.62 ಮಿಲಿಮೀಟರ್ ತೋಟಾವನ್ನು ತಾಳುವಂತೆ ಅದನ್ನು ಉತ್ತಮ ಉಕ್ಕಿನಲ್ಲಿ ನಿರ್ಮಿಸಿದರು. ಸ್ಪ್ರಿಂಗ್‌ಫೀಲ್ಡಿನಲ್ಲಿ ಒಳ್ಳೆಯ ರಚನೆಯನ್ನು ಕೆಟ್ಟ ಹದವು ಕೆಡಿಸಿತ್ತು. ಇಷಾಪುರದಲ್ಲಿ ಸಾಧಾರಣ ರಚನೆಯನ್ನು ಒಳ್ಳೆಯ ಉಕ್ಕು ಎತ್ತಿ ನಿಲ್ಲಿಸಿತು.

ಯಾವ ರೈಫಲ್ ಬಲಿಷ್ಠವೆಂದು ಕೇಳಿದರೆ ರಚನೆಯಲ್ಲಿ ಮೌಸರ್ ಎನ್ನಬೇಕು. ಆದರೆ ಯಾವ ಉಕ್ಕು, ಯಾವ ಹದ, ಯಾವ ತೋಟಾ ಎಂದು ವಿಚಾರಿಸದೆ ಕೊಟ್ಟ ಉತ್ತರ ಅರ್ಧ ಉತ್ತರ. ಮಕ್ಕಳನ್ನು ಕಣ್ಣಳತೆಯಿಂದಲೇ ಜಾಣ, ದಡ್ಡ ಎಂದು ವಿಂಗಡಿಸುವ ನಮ್ಮಂಥ ಉಪಾಧ್ಯಾಯರೂ ಆ ಕುಲುಮೆಯವರ ತಪ್ಪನ್ನು ನೆನೆಯುವುದು ಒಳ್ಳೆಯದು. ಹೊಗೆನಕಲ್ಲಿನಲ್ಲಿ ಪ್ರಶ್ನೆ ಕೇಳಿದ ಆ ಹುಡುಗನನ್ನು ನಾವು ಅದುವರೆಗೆ ದಡ್ಡರ ಸಾಲಿನಲ್ಲಿ ಕೂರಿಸಿದ್ದೆವು.