ಶಾಲಾ ವರ್ಷ ಉದ್ದವಾದರೆ ಕೊಡಗಿನ ಸೀಸನ್‌ಗೆ ಹೊಡೆತವೇ?

ಮಡಿಕೇರಿ: ಮಳೆಗೆ ರಜೆ ಮೇಲೆ ರಜೆ ಬಿದ್ದ ವರ್ಷ ಏಪ್ರಿಲ್‌ನಲ್ಲಿ ಇನ್ನೊಂದಿಷ್ಟು ದಿನ ಶಾಲೆ ನಡೆಸಬಹುದಲ್ಲ ಎಂಬುದು ಸಹಜ ಪ್ರಶ್ನೆ. ಏಪ್ರಿಲ್-ಮೇ ಸೀಸನ್ ನಂಬಿದ ಅಂಗಡಿ, ಹೋಂಸ್ಟೇಯವರಿಗೆ ಅದೇ ಆತಂಕ.

ಮೊದಲು ನಿಯಮ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 6ರಿಂದ 8ಕ್ಕೆ 220 ದಿನ ಶಾಲೆ ನಡೆಯಬೇಕು. ವೇಳಾಪಟ್ಟಿ ಇಡೀ ರಾಜ್ಯಕ್ಕೆ ಒಂದೇ: 2025-26ರದ್ದು ಮೇ 29ರಿಂದ ಏಪ್ರಿಲ್ 10ರವರೆಗೆ. ಮಳೆ ರಜೆ ಕೊಡುವುದು ಜಿಲ್ಲಾಧಿಕಾರಿ. ಹೋದ ಪಾಠವನ್ನು ಸಾಮಾನ್ಯವಾಗಿ ಶನಿವಾರ ಮಧ್ಯಾಹ್ನ, ಇಲ್ಲವೇ ಭಾನುವಾರ ತುಂಬಿಸುತ್ತಾರೆ.

ಇನ್ನು ವ್ಯಾಪಾರ. ರಾಜಾಸೀಟ್, ಅಬ್ಬಿ, ದುಬಾರೆಗೆ ಬರುವ ಬೆಂಗಳೂರು, ಮೈಸೂರಿನ ಕುಟುಂಬಗಳು ನೋಡುವುದು ತಮ್ಮ ಮಕ್ಕಳ ರಜೆಯನ್ನು, ಮಡಿಕೇರಿ ಶಾಲೆಯ ಗಂಟೆಯನ್ನಲ್ಲ. ಕೊಡಗಿಗೆ ಮಾತ್ರ ಹತ್ತು ದಿನ ಸೇರಿಸಿದರೆ ಗಿರಾಕಿ ಕಡಿಮೆ ಆಗಲ್ಲ. ಇಡೀ ರಾಜ್ಯಕ್ಕೆ ಸೇರಿಸಿದರೆ ಹತ್ತು ದಿನದ ವ್ಯಾಪಾರ ಹೋದಂತೆಯೇ. ಚರ್ಚೆಯಲ್ಲಿ ಈ ಎರಡೂ ಕಲಸಿಹೋಗುತ್ತವೆ.

ಅಮೆರಿಕದ ಮೇರಿಲ್ಯಾಂಡ್ ಇಡೀ ರಾಜ್ಯಕ್ಕೇ ಒಂದು ನಿಯಮ ಮಾಡಿ ನೋಡಿತು. 2016ರಲ್ಲಿ ಗವರ್ನರ್ ಲ್ಯಾರಿ ಹೊಗನ್, ಓಷನ್ ಸಿಟಿಯಂಥ ಕಡಲತೀರದ ಊರಿನ ವ್ಯಾಪಾರವನ್ನೂ ಮುಂದಿಟ್ಟು, ಸೆಪ್ಟೆಂಬರ್ ಮೊದಲ ಸೋಮವಾರ ಕಳೆಯುವ ತನಕ ಸರ್ಕಾರಿ ಶಾಲೆ ತೆರೆಯಬಾರದು, ಜೂನ್ 15ರೊಳಗೆ ಮುಗಿಸಬೇಕು ಎಂದರು. ಹಿಮ ಬಿದ್ದು ಹೋದ ದಿನಗಳನ್ನು ತುಂಬಲು ಜಾಗ ಸಾಲದೆ ಕೆಲವೆಡೆ ವಸಂತದ ರಜೆಗೇ ಕತ್ತರಿ ಬಿತ್ತು. 2019ರಲ್ಲಿ ಶಾಸನಸಭೆ ಆ ಅಧಿಕಾರವನ್ನು ಸ್ಥಳೀಯ ಶಿಕ್ಷಣ ಮಂಡಳಿಗಳಿಗೆ ವಾಪಸ್ ಕೊಟ್ಟಿತು. ಅಲ್ಲಿ ಹಿಮ, ಇಲ್ಲಿ ಮಳೆ, ಅಷ್ಟೇ ವ್ಯತ್ಯಾಸ.

ಗಿರಾಕಿ ಉಳಿದರೂ ಸಣ್ಣ ಅಂಗಡಿಗೆ ಕೈ ಕಡಿಮೆಯಾಗುತ್ತದೆ. ಕಾಫಿಪುಡಿ, ಜೇನು, ಮಸಾಲೆ ಮಾರುವ ಕಡೆ ರಜೆಯಲ್ಲಿ ಮನೆ ಮಕ್ಕಳೂ ನೆರವಾಗುವುದುಂಟು. 2016ರ ತಿದ್ದುಪಡಿಯಂತೆ 14 ತುಂಬದ ಮಕ್ಕಳು ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಸ್ವಂತ ಮನೆಯ ಉದ್ಯೋಗಕ್ಕೆ ಮಾತ್ರ ನೆರವಾಗಬಹುದು. ಪಕ್ಕದ ಅಂಗಡಿಗೆ ಹೋಗುವಂತಿಲ್ಲ.

ಆದರೆ ಏಪ್ರಿಲ್‌ನ ದಿನ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಉಪಯೋಗವೇ ಇಲ್ಲ. ಅವರ ಮೊದಲ ಪರೀಕ್ಷೆ ಮಾರ್ಚ್‌ನಲ್ಲೇ ಶುರು. ಜುಲೈನಲ್ಲಿ ಹೋದದ್ದು ಅದಕ್ಕೂ ಮುಂಚೆ ಸಿಗಬೇಕು. ಮಡಿಕೇರಿ ದಸರಾ, ದಶಮಂಟಪದ ಊರಲ್ಲಿ ಅಕ್ಟೋಬರ್ ರಜೆ ಮುಟ್ಟುವ ಧೈರ್ಯ ಯಾರಿಗಿದೆ? ಉಳಿಯುವುದು ನವೆಂಬರ್‌ನಿಂದ ಫೆಬ್ರುವರಿವರೆಗಿನ ಶನಿವಾರ ಮಧ್ಯಾಹ್ನ, ಭಾನುವಾರಗಳೇ. ಅಂಗಡಿಯಲ್ಲಿ ರಶ್ ಇರುವುದೂ ಅವತ್ತೇ.