ಕರಿಗಲ್ಲಿನ ನೂಲು

ಹವಾಯಿ ದ್ವೀಪದ ಕಿಲಾವೆಯಾ ಜ್ವಾಲಾಮುಖಿಯಿಂದ ಚಿಮ್ಮುವ ಲಾವಾರಸದ ಹನಿಗಳು ಗಾಳಿಯ ಸೆಳೆತಕ್ಕೆ ಸಿಲುಕಿ, ಹೊಂಬಣ್ಣದ ಎಳೆಗಳಾಗಿ ಬಂಡೆಗಳ ಸಂದುಗಳಲ್ಲಿ ಬಂದು ಬೀಳುವುದುಂಟು. ಅಲ್ಲಿಯವರ ಅಗ್ನಿದೇವತೆಯಾದ ಪೇಲೆಯ ಕೇಶವೆಂದೇ ಅವಕ್ಕೆ ಹೆಸರು. ಪ್ರಕೃತಿಯು ಕ್ಷಣಾರ್ಧದಲ್ಲಿ ನೂತು ಚೆಲ್ಲುವ ಈ ನೂಲನ್ನು ಕುಲುಮೆಯಿಂದ ತೆಗೆಯಲು ಮನುಷ್ಯನು ಪಟ್ಟ ಪಾಡು ಅಲ್ಪವಾದುದಲ್ಲ.

ಅಂತಹ ಲಾವಾರಸವು ಆರಿ ಗಟ್ಟಿಯಾದ ಕರಿಗಲ್ಲೇ ಬಸಾಲ್ಟ್. ಆ ಶಿಲೆಯ ತಂತುವಿಗಾಗಿ ಫ್ರಾನ್ಸಿನ ಪಾಲ್ ಡೇ ಎಂಬಾತನು ಅಮೆರಿಕದಲ್ಲಿ ಪೇಟೆಂಟು ಪಡೆದುದು 1923ರಲ್ಲಿ. ಗಾಜಿಗಾದರೆ ಮರಳು, ಸೋಡಾ, ಸುಣ್ಣಕಲ್ಲುಗಳನ್ನು ಅಳತೆಯರಿತು ಬೆರೆಸಬೇಕು. ಬಸಾಲ್ಟಿಗೆ ಅಂತಹ ಬೆರಕೆಯ ಗೊಡವೆಯಿಲ್ಲ, ಜಲ್ಲಿಯನ್ನು ತೊಳೆದು ಕುಲುಮೆಗೆ ಸುರಿದರಾಯಿತು. ಆದರೂ ಈ ಉದ್ಯಮವು ದಶಕಗಳ ಕಾಲ ಕಾಗದದ ಮೇಲೆಯೇ ಉಳಿದುದಕ್ಕೆ ಮುಖ್ಯ ಕಾರಣ ಆ ಶಿಲೆಗೆ ಕಪ್ಪುಬಣ್ಣವನ್ನಿತ್ತ ಕಬ್ಬಿಣದ ಅಂಶ. ತಿಳಿಯಾದ ಗಾಜಿನ ದ್ರವದೊಳಕ್ಕೆ ಮೇಲಿನ ಉರಿಯ ತಾಪವು ಆಳದವರೆಗೂ ಇಳಿಯುತ್ತದೆ. ಕಪ್ಪಾದ ಬಸಾಲ್ಟ್ ರಸವಾದರೋ ಆ ತಾಪವನ್ನೆಲ್ಲ ಮೇಲ್ಪದರದಲ್ಲಿಯೇ ಹೀರಿಕೊಂಡು, ತಳವನ್ನು ಹದಕ್ಕೆ ಬರಗೊಡದು. ಸುಮಾರು 1450 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿದ ಈ ರಸವನ್ನು, ಶಾವಿಗೆಯ ಒರಳಿನಂತೆ ನೂರಾರು ರಂಧ್ರಗಳುಳ್ಳ ಪ್ಲಾಟಿನಂ-ರೋಡಿಯಂ ತಟ್ಟೆಯ ಮೂಲಕ ಇಳಿಬಿಟ್ಟು, ತಲೆಗೂದಲಿಗಿಂತ ಎಷ್ಟೋ ಸಣ್ಣದಾದ ಎಳೆಗಳನ್ನಾಗಿ ಸೆಳೆಯಬೇಕು. ಶಾಖವು ಕೊಂಚ ಕುಂದಿತೆಂದರೆ ರಸದಲ್ಲಿ ಹರಳುಗಟ್ಟಿ ರಂಧ್ರ ಮುಚ್ಚುತ್ತದೆ, ಎಳೆ ಕಡಿಯುತ್ತದೆ. ಇದು ಸಾಲದೆಂಬಂತೆ, ಒಂದು ಗಣಿಯ ಕಲ್ಲಿನ ಹದ ಮತ್ತೊಂದರದಕ್ಕೆ ಹೊಂದುವುದಿಲ್ಲ.

ಅಮೆರಿಕದ ಗಾಜಿನ ಕಾರ್ಖಾನೆಗಳು ಕೆಲಕಾಲ ಶ್ರಮಿಸಿ, ಕೊನೆಗೆ ಗಾಜಿನ ನೂಲನ್ನೇ ಬಲಪಡಿಸುವ ಮಾರ್ಗವನ್ನು ಹಿಡಿದವು. ಪಟ್ಟು ಬಿಡದೆ ನಿಂತವರು ಸೋವಿಯತ್ ಶಾಸ್ತ್ರಜ್ಞರು. ಎರಡನೆಯ ಮಹಾಯುದ್ಧದ ಬಳಿಕ ಮಾಸ್ಕೋ ಮತ್ತು ಕೀವ್ ನಗರಗಳಲ್ಲಿ ಸಾಗಿದ ಅವರ ಸಂಶೋಧನೆಯು ಸೈನ್ಯ ಮತ್ತು ವಿಮಾನಯಾನಗಳಿಗೆ ಮೀಸಲಾಗಿ, ಗೋಪ್ಯವಾಗಿಯೇ ನಡೆಯಿತು. ಕಂಬಕಂಬವಾಗಿ ನಿಂತ ಬಸಾಲ್ಟಿಗೆ ಹೆಸರಾದ ಉಕ್ರೇನಿನ ವೊಲಿನ್ ಸೀಮೆಯ ಬೆರೆಸ್ಟೊವೆಟ್ಸ್ ಗಣಿಯ ಕಲ್ಲು ಅವರ ಕೈಗೆ ಒಗ್ಗಿತು. ಅವಿಚ್ಛಿನ್ನವಾದ ತಂತುವನ್ನು ಉದ್ಯಮದ ಪ್ರಮಾಣದಲ್ಲಿ ತೆಗೆಯುವ ಕುಲುಮೆಯು ಉಕ್ರೇನಿನಲ್ಲಿ ಉರಿದುದು 1985ರಲ್ಲಿ. ಗೋಪ್ಯದ ತೆರೆ ಸರಿದುದು ಸೋವಿಯತ್ ಒಕ್ಕೂಟವು ಅಳಿದ ತರುವಾಯ, 1995ರಲ್ಲಿ.

ಈಗ ಅದೇ ನೂಲು ಕಾಂಕ್ರೀಟಿನೊಳಗೆ ತುಕ್ಕು ಹಿಡಿಯದ ಸರಳಾಗಿ, ವಾಹನಗಳ ಹೊಗೆಕೊಳವೆಗೆ ಸುತ್ತುವ ಪಟ್ಟಿಯಾಗಿ ಪೇಟೆಗೆ ಬಂದಿದೆ. ಕಲ್ಲು ಅಗ್ಗವಾದರೂ ಸರಕು ಸಾಧಾರಣ ಗಾಜಿನ ನೂಲಿಗಿಂತ ತುಟ್ಟಿಯಾಗಿಯೇ ಇದೆ. ಕುಲುಮೆಯ ಇಂಧನದ ವೆಚ್ಚವಲ್ಲದೆ, ಆ ಪ್ಲಾಟಿನಂ ತಟ್ಟೆಗಳು ಸವೆಯುವುದಕ್ಕೂ ಬೆಲೆ ತೆರಬೇಕಾಗುತ್ತದಷ್ಟೆ.